ಯಂತ್ರಕ್ಕೆ ಕೈ ಹಚ್ಚುವ ಮುನ್ನ



ಎತ್ತಿಗೆ ನಾಲ ಬಡಿಯುವುದನ್ನು ನೋಡದವರು ನಮ್ಮಲ್ಲಿ ವಿರಳ. ಎತ್ತು ಎಷ್ಟೇ ಸಾಧುವಾಗಿರಲಿ, ಮೊದಲು ಹಗ್ಗ ಹಾಕಿ ಅದನ್ನು ನೆಲಕ್ಕೆ ಕೆಡವುತ್ತಾರೆ. ಕಾಲುಗಳನ್ನು ಕೂಡಿಸಿ ಕಟ್ಟುತ್ತಾರೆ. ಒಬ್ಬನು ಕೊಂಬು ಹಿಡಿದು ಕೂಡುತ್ತಾನೆ. ಇಷ್ಟಾದ ಮೇಲೆಯೇ ನಾಲ ಬಡಿಯುವವನು ಗೊರಸಿಗೆ ಕೈ ಹಚ್ಚುತ್ತಾನೆ. ಎತ್ತು ಈಗ ಸುಮ್ಮನೆ ಇದೆ ಎಂಬುದು ಅವನಿಗೆ ಸಾಲದು. ಅದು ಒದೆಯಬೇಕೆಂದರೂ ಒದೆಯಲಾರದು ಎಂಬ ಖಾತ್ರಿ ಅವನಿಗೆ ಬೇಕು.

ಹಿರಿಯರಿಂದ ಬಂದ ಈ ಜಾಣತನವನ್ನು ನಾವು ಯಂತ್ರಗಳ ವಿಷಯದಲ್ಲಿ ಮಾತ್ರ ಮರೆತುಬಿಡುತ್ತೇವೆ. ಇಂದು ಅಕ್ಕಲಕೋಟೆ, ಜತ್ತ ಭಾಗದ ನಮ್ಮ ಹೊಲಗಳಲ್ಲಿ ಬಾವಿಯ ಮೋಟಾರು, ಬೋರಿನ ಪಂಪು, ಕಣಿಕೆ ಕತ್ತರಿಸುವ ಯಂತ್ರ, ರಾಶಿ ಯಂತ್ರ, ಟ್ರ್ಯಾಕ್ಟರು, ದ್ರಾಕ್ಷಿ ದಾಳಿಂಬೆಗಳಿಗೆ ಔಷಧ ಹೊಡೆಯುವ ಯಂತ್ರ ಎಲ್ಲವೂ ಬಂದಿವೆ. ಇವುಗಳಲ್ಲಿ ಒಂದು ಕೆಟ್ಟರೆ ಗುಂಡಿ ಒತ್ತಿ ನಿಲ್ಲಿಸಿ, ಕೂಡಲೇ ಒಳಗೆ ಕೈ ಹಾಕುತ್ತೇವೆ. ಯಂತ್ರವು ನಿಂತಿದೆ, ಆದರೆ ಅದನ್ನು ಯಾರೂ ಕಟ್ಟಿಲ್ಲ. ನಿಂತ ಯಂತ್ರಕ್ಕೂ ಕಟ್ಟಿದ ಯಂತ್ರಕ್ಕೂ ಇರುವ ಅಂತರವೇ ಈ ವಾರದ ಪಾಠ.

ಕರೆಂಟು ಹೋಗುವುದು ಬೇರೆ, ತೆಗೆಯುವುದು ಬೇರೆ

ನಮ್ಮ ಭಾಗದ ಅನೇಕ ಹಳ್ಳಿಗಳಲ್ಲಿ ಹೊಲದ ಮೂರು ಫೇಸಿನ ಕರೆಂಟು ಪಾಳಿಯ ಮೇಲೆ ಬರುತ್ತದೆ. ಕೆಲವು ದಿನ ಹಗಲು, ಕೆಲವು ದಿನ ರಾತ್ರಿ. ನಡುವೆ ಹೋಗುತ್ತದೆ, ಮತ್ತೆ ಬರುತ್ತದೆ. ಇಂಥ ವೇಳೆಯಲ್ಲಿ ಹೊಲದಲ್ಲಿ ಕೇಳಿಬರುವ ಮಾತು ಇದು: "ತಮ್ಮಾ, ಕರೆಂಟ್ ಹೋಗೇದ ನೋಡು. ಬರೂದ್ರೊಳಗ ಲಗೂನ ಆ ವೈರ್ ಜೋಡಿಸಿಬಿಡು."

ಈ ಮಾತಿನಲ್ಲಿ ಮರಣವಿದೆ. ಹೋದ ಕರೆಂಟು ನಮ್ಮ ಅಪ್ಪಣೆಯಿಂದ ಹೋದದ್ದಲ್ಲ. ಬರುವಾಗಲೂ ನಮ್ಮ ಅಪ್ಪಣೆ ಕೇಳುವುದಿಲ್ಲ. ತಮ್ಮನು ಹಿರಿಯರಿಗೆ ಎದುರಾಡದೆ ಕೈ ಹಾಕುತ್ತಾನೆ. ಅವನು ಕೇಳಬೇಕಾದ ಪ್ರಶ್ನೆ ಒಂದೇ: "ಕಾಕಾ, ಮೇನ್ ತೆಗೆದು ಫ್ಯೂಜ್ ಕಿತ್ತಿಟ್ಟೀರೇನು?" ಈ ಪ್ರಶ್ನೆಯನ್ನು ಕೇಳುವುದು ಉದ್ಧಟತನವಲ್ಲ. ಕೇಳಿದವನನ್ನು ಹಿರಿಯರು ಮೆಚ್ಚಬೇಕು.

ನಾವು ಕೆಲಸ ಮಾಡುತ್ತಿರುವಾಗ ಕರೆಂಟು ಮರಳಿ ಬರುವ ದಾರಿಗಳು ಹಲವು.

ಮೊದಲನೆಯದು, ಆಟೋ ಸ್ವಿಚ್ಚು. ರಾತ್ರಿ ಪಾಳಿಯಲ್ಲಿ ನಿದ್ದೆಗೆಡಬಾರದೆಂದು ನಾವೇ ಇದನ್ನು ಕೂಡಿಸಿರುತ್ತೇವೆ. ಕರೆಂಟು ಬಂದ ಸ್ವಲ್ಪ ಹೊತ್ತಿನಲ್ಲಿ ಅದು ತಾನಾಗಿಯೇ ಮೋಟಾರನ್ನು ಚಾಲೂ ಮಾಡುತ್ತದೆ. ಪಂಪಿನ ಬಳಿ ಮನುಷ್ಯನಿದ್ದಾನೋ ಇಲ್ಲವೋ ಎಂಬುದು ಅದಕ್ಕೆ ಗೊತ್ತಿಲ್ಲ.

ಎರಡನೆಯದು, ಮೊಬೈಲ್ ಸ್ಟಾರ್ಟರು. ಮಗನು ಸೋಲಾಪುರದಲ್ಲಿ ಕುಳಿತು ಫೋನಿನಿಂದಲೇ ಮೋಟಾರು ಹಚ್ಚಬಲ್ಲನು. ಆ ಗಳಿಗೆಯಲ್ಲಿ ತಂದೆಯ ಕೈ ಪಂಪಿನಲ್ಲಿದ್ದರೆ ಮಗನಿಗೆ ತಿಳಿಯುವ ಬಗೆ ಹೇಗೆ?

ಮೂರನೆಯದು, ಪಾಲಿನ ಬಾವಿ. ಅಣ್ಣತಮ್ಮಂದಿರ ಸಮಾಯಿಕ ಬಾವಿಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಪಾಳಿ. ತನ್ನ ಪಾಳಿ ಬಂತೆಂದು ಒಬ್ಬನು ಬಂದು ಸ್ವಿಚ್ಚು ಹಾಕುತ್ತಾನೆ. ಇನ್ನೊಬ್ಬನು ಬಾವಿಯೊಳಗೆ ಇಳಿದಿರುತ್ತಾನೆ. ಇದರಲ್ಲಿ ದ್ವೇಷವಿಲ್ಲ, ತಿಳಿಯದಿರುವಿಕೆ ಮಾತ್ರ ಇದೆ. ಆದರೆ ಫಲ ಒಂದೇ.

ನಾಲ್ಕನೆಯದು, ಹಿಂದಿನಿಂದ ಬರುವ ಕರೆಂಟು. ಮನೆಯಲ್ಲಿ ಜನರೇಟರು ಇಲ್ಲವೆ ಇನ್‌ವರ್ಟರು ಇದ್ದು, ಅದನ್ನು ಸರಿಯಾದ ಚೇಂಜ್‌ಓವರ್ ಸ್ವಿಚ್ಚಿಲ್ಲದೆ ಜೋಡಿಸಿದ್ದರೆ, ನಾವು ಸತ್ತಿದೆಯೆಂದು ತಿಳಿದ ತಂತಿಗೆ ಅತ್ತ ಕಡೆಯಿಂದ ಜೀವ ಬರುತ್ತದೆ. ಕಂಬದ ಮೇಲಿರುವ ಲೈನ್‌ಮನ್ನನ ಪ್ರಾಣಕ್ಕೂ ಇದರಿಂದ ಅಪಾಯ.

ಎಷ್ಟು ಕರೆಂಟು ಪ್ರಾಣ ತೆಗೆಯುತ್ತದೆ?

ಮನೆಯ ದೀಪದ ಸಾಲು 230 ವೋಲ್ಟು. ಹೊಲದ ಮೂರು ಫೇಸಿನ ಸಾಲಿನಲ್ಲಿ ಎರಡು ತಂತಿಗಳ ನಡುವೆ ಸುಮಾರು 415 ವೋಲ್ಟು. 60 ವಾಟಿನ ಹಳೆಯ ಕಾಲದ ಗಾಜಿನ ಬಲ್ಬು ಉರಿಯಲು ಸುಮಾರು 260 ಮಿಲಿ ಆಂಪಿಯರ್ ಕರೆಂಟು ಬೇಕು. ಅದರ ಇಪ್ಪತ್ತೈದನೆಯ ಒಂದು ಪಾಲು, ಎಂದರೆ ಸುಮಾರು 10 ಮಿಲಿ ಆಂಪಿಯರ್, ಕೈಯಲ್ಲಿ ಹರಿದರೆ ಸ್ನಾಯುಗಳು ಬಿಗಿದುಕೊಂಡು, ಹಿಡಿದ ತಂತಿಯನ್ನು ಬಿಡಲು ಬಾರದಂತಾಗಬಹುದು. ಐದನೆಯ ಒಂದು ಪಾಲು, ಎಂದರೆ ಸುಮಾರು 50 ಮಿಲಿ ಆಂಪಿಯರ್, ಎದೆಯ ಮೂಲಕ ಒಂದೆರಡು ಸೆಕೆಂಡು ಹರಿದರೆ ಹೃದಯದ ಬಡಿತವೇ ಕೆಡಬಹುದು. ಒದ್ದೆ ಮೈ, ಬರಿಗಾಲು, ಕೆಸರು ನೆಲ ಇವು ಕರೆಂಟಿಗೆ ದಾರಿಯನ್ನು ಸುಲಭ ಮಾಡಿಕೊಡುತ್ತವೆ. ನೀರು ಹಾಯಿಸುವವನ ಸ್ಥಿತಿ ಯಾವಾಗಲೂ ಇದೇ ಅಲ್ಲವೆ?

ಶಕ್ತಿ ಅಡಗುವ ಸ್ಥಳಗಳು

ಕರೆಂಟು ಒಂದೇ ಶಕ್ತಿಯಲ್ಲ. ಯಂತ್ರವನ್ನು ನಿಲ್ಲಿಸಿದ ಮೇಲೂ ಅದರಲ್ಲಿ ಬೇರೆ ಬೇರೆ ರೂಪದ ಶಕ್ತಿ ಅಡಗಿರುತ್ತದೆ. ಅವುಗಳನ್ನು ಗುರುತಿಸುವುದು ಹೀಗೆ:

ವೇಗದಲ್ಲಿ: ಗುಂಡಿ ಒತ್ತಿದ ಮೇಲೂ ಭಾರದ ಗಾಲಿಯು ಬಹಳ ಹೊತ್ತು ತಿರುಗುತ್ತಿರುತ್ತದೆ.

ಭಾರದಲ್ಲಿ: ಮೇಲೆತ್ತಿದ ಟ್ರಾಲಿ, ಎತ್ತಿದ ನೇಗಿಲು, ಸರಪಳಿಗೆ ತೂಗುವ ಪಂಪು. ಇವೆಲ್ಲ ಕೆಳಗೆ ಬೀಳಲು ಹೊಂಚು ಹಾಕಿವೆ ಎಂದೇ ತಿಳಿಯಬೇಕು.

ಒತ್ತಡದಲ್ಲಿ: ಪೈಪಿನ ನೀರು, ಔಷಧ ಹೊಡೆಯುವ ಯಂತ್ರದ ನಳಿಕೆ, ಟ್ರ್ಯಾಕ್ಟರಿನ ಹೈಡ್ರಾಲಿಕ್ ಎಣ್ಣೆ.

ಬಿಗಿದ ಸ್ಪ್ರಿಂಗಿನಲ್ಲಿ ಮತ್ತು ಬಿಗಿದ ಬೆಲ್ಟಿನಲ್ಲಿ.

ಕಾವಿನಲ್ಲಿ: ಕುದಿಯುವ ರೇಡಿಯೇಟರು.

ಕಂಡೆನ್ಸರಿನಲ್ಲಿ: ಎಲ್ಲ ತಂತಿ ಬಿಚ್ಚಿದ ಮೇಲೂ ಇದು ಕರೆಂಟನ್ನು ಹೊಟ್ಟೆಯಲ್ಲಿ ಇಟ್ಟುಕೊಂಡಿರುತ್ತದೆ.

ಏಳು ಹೆಜ್ಜೆಗಳು

ದೊಡ್ಡ ಕಾರ್ಖಾನೆಗಳಲ್ಲಿ ಇದಕ್ಕೆಂದು ಒಂದು ಶಿಸ್ತು ಬೆಳೆದಿದೆ. ಅದಕ್ಕೆ ಲಾಕೌಟ್ ಟ್ಯಾಗೌಟ್ ಎನ್ನುತ್ತಾರೆ. ನಮ್ಮ ಮಾತಿನಲ್ಲಿ ಬೀಗ ಮತ್ತು ಚೀಟಿ. ಅಮೇರಿಕೆಯಲ್ಲಿ 1989ರಲ್ಲಿ ಇದನ್ನು ಕಾರ್ಖಾನೆಗಳಿಗೆ ಸರಕಾರಿ ನಿಯಮವನ್ನಾಗಿ ಪ್ರಕಟಿಸಿದರು. ಆ ನಿಯಮವು ಹೊಲದ ಕೆಲಸಕ್ಕೆ ಲಾಗೂ ಇಲ್ಲ. ಆದರೆ ಅದರ ರೀತಿಯು ಹೊಲಕ್ಕೂ ಸಲ್ಲತಕ್ಕದ್ದು. ಏಕೆಂದರೆ ಕಾರ್ಖಾನೆಯ ಮೋಟಾರಿಗೂ ಬಾವಿಯ ಮೋಟಾರಿಗೂ ಮನುಷ್ಯನ ಕೈಯಲ್ಲಿ ಭೇದವಿಲ್ಲ. ಆ ರೀತಿಯನ್ನು ನಮ್ಮ ಹೊಲಕ್ಕೆ ಹೊಂದಿಸಿ ಹೇಳಿದರೆ ಏಳು ಹೆಜ್ಜೆಗಳಾಗುತ್ತವೆ.

1. ವಿಚಾರಿಸು. ಈ ಯಂತ್ರಕ್ಕೆ ಶಕ್ತಿ ಎಲ್ಲೆಲ್ಲಿಂದ ಬರುತ್ತದೆ, ಎಲ್ಲೆಲ್ಲಿ ಅಡಗಿದೆ ಎಂದು ಮೊದಲು ಎಣಿಸಬೇಕು.

2. ತಿಳಿಸು. ಮನೆಯವರಿಗೆ, ಆಳುಗಳಿಗೆ, ಬಾವಿಯ ಪಾಲುದಾರರಿಗೆ, ಫೋನಿನಿಂದ ಮೋಟಾರು ಹಚ್ಚುವ ಮಗನಿಗೆ "ನಾವು ದುರಸ್ತಿಗೆ ಇಳಿಯುತ್ತೇವೆ" ಎಂದು ಹೇಳಬೇಕು.

3. ನಿಲ್ಲಿಸು. ದಿನನಿತ್ಯದ ಕ್ರಮದಲ್ಲಿ ಗುಂಡಿಯಿಂದ ಯಂತ್ರ ನಿಲ್ಲಿಸಬೇಕು.

4. ಬೇರ್ಪಡಿಸು. ಶಕ್ತಿ ಬರುವ ಮೂಲದಲ್ಲಿಯೇ ದಾರಿ ಕಡಿಯಬೇಕು. ಮೇನ್ ಸ್ವಿಚ್ಚು ಬಂದ್ ಮಾಡಿ ಮೂರೂ ಫ್ಯೂಜುಗಳನ್ನು ಹೊರಗೆ ತೆಗೆಯುವುದು, ಬೆಲ್ಟು ಕಳಚುವುದು, ಟ್ರ್ಯಾಕ್ಟರಿನ ಕೀಲಿ ತೆಗೆಯುವುದು.

5. ಬೀಗ ಹಾಕು, ಚೀಟಿ ಕಟ್ಟು. ಕೀಲಿಯು ಕೆಲಸ ಮಾಡುವವನ ಕಿಸೆಯಲ್ಲಿಯೇ ಇರಬೇಕು.

6. ಅಡಗಿದ ಶಕ್ತಿಯನ್ನು ಹೊರಗೆ ಬಿಡು. ತಿರುಗುವುದು ನಿಲ್ಲುವವರೆಗೆ ಕಾಯಬೇಕು, ಎತ್ತಿದ್ದನ್ನು ಇಳಿಸಬೇಕು, ಒತ್ತಡ ಬಿಡಬೇಕು.

7. ಪರೀಕ್ಷಿಸು. ಗುಂಡಿ ಒತ್ತಿ ನೋಡಬೇಕು, ಟೆಸ್ಟರ್ ಹಚ್ಚಿ ನೋಡಬೇಕು. ಆಮೇಲೆ ಕೈ ಹಚ್ಚಬೇಕು.

ಚೀಟಿಯ ಬಗ್ಗೆ ಗಡಿಯಾಚೆಯ ನಾವು ಒಂದು ಮಾತು ವಿಶೇಷವಾಗಿ ಗಮನಿಸತಕ್ಕದ್ದು. ನಮ್ಮ ಮನೆಯ ಮಾತು ಕನ್ನಡ. ವೈರ್‌ಮನ್ನನು, ನೆರೆಯ ಹೊಲದವನು, ಕೂಲಿಗೆ ಬಂದವನು ಮರಾಠಿ ಮಾತ್ರ ಓದಬಲ್ಲವನಾಗಿರಬಹುದು. ಆದುದರಿಂದ ರಟ್ಟಿನ ಒಂದು ಮಗ್ಗುಲಿಗೆ "ಮುಟ್ಟಬೇಡಿರಿ, ಕೆಲಸ ನಡೆದಿದೆ" ಎಂದೂ, ಇನ್ನೊಂದು ಮಗ್ಗುಲಿಗೆ "ಹಾತ ಲಾವೂ ನಕಾ, ಕಾಮ ಸುರೂ ಆಹೇ" ಎಂದು ಮರಾಠಿ ಲಿಪಿಯಲ್ಲಿಯೂ ಬರೆದು, ಕೆಲಸ ಮಾಡುವವನ ಹೆಸರು ಹಾಕಬೇಕು. ಆದವಾನಿ, ತಾಳವಾಡಿ, ಕಾಸರಗೋಡಿನ ಕಡೆಯವರು ಅಲ್ಲಿಯ ಭಾಷೆಯಲ್ಲಿ ಬರೆಯಬಹುದು. ಓದು ಬಾರದವರಿಗಾಗಿ ಚೀಟಿಯ ಜೊತೆಗೆ ಕೆಂಪು ಬಟ್ಟೆಯ ತುಂಡನ್ನೂ ಕಟ್ಟಬೇಕು. ಕೆಂಪು ಬಟ್ಟೆ ಕಂಡರೆ ಯಾರೂ ಕೈ ಹಚ್ಚಬಾರದೆಂದು ಮನೆಯಲ್ಲಿ ರೂಢಿ ಮಾಡಬೇಕು.

ಆದರೆ ಚೀಟಿಯು ಬರಿಯ ಮಾತು, ಬೀಗವು ತಡೆ. ಕತ್ತಲಲ್ಲಿ ಚೀಟಿ ಕಾಣದು, ಗಾಳಿಗೆ ಹಾರೀತು. ಬೀಗ ಹಾಗಲ್ಲ. ಇಬ್ಬರು ಕೆಲಸಕ್ಕೆ ಇಳಿದರೆ ಇಬ್ಬರ ಬೀಗಗಳೂ ಬೀಳಬೇಕು. ತನ್ನ ಬೀಗವನ್ನು ತಾನೇ ತೆಗೆಯಬೇಕು.

ಪಂಪ್‌ಸೆಟ್ಟಿನ ದುರಸ್ತಿ

ನಮಗೆ ಹೆಚ್ಚಾಗಿ ಸಂಬಂಧಿಸಿದ ಯಂತ್ರ ಇದು. ಆದಕಾರಣ ವಿವರವಾಗಿ ನೋಡೋಣ.

ಸ್ಟಾರ್ಟರಿನ ಕೆಂಪು ಗುಂಡಿ ಒತ್ತಿದರೆ ಮೋಟಾರು ನಿಲ್ಲುತ್ತದೆ. ಆದರೆ ಸ್ಟಾರ್ಟರಿಗೆ ಕರೆಂಟು ತರುವ ಮೂರು ತಂತಿಗಳ ತಿರುಪುಗಳಲ್ಲಿ 415 ವೋಲ್ಟು ಹಾಗೆಯೇ ಇರುತ್ತದೆ. ಗುಂಡಿಯು ಒಳಗಿನ ಸಂಪರ್ಕವನ್ನು ಬಿಡಿಸುತ್ತದೆಯೇ ಹೊರತು, ಬರುವ ಕರೆಂಟನ್ನು ತಡೆಯುವುದಿಲ್ಲ. ಆದ್ದರಿಂದ ಕೇವಲ ಗುಂಡಿ ಒತ್ತಿ ಸ್ಟಾರ್ಟರಿನ ಮುಚ್ಚಳ ತೆಗೆಯುವುದು ಹಾವಿನ ಬುಟ್ಟಿಯ ಮುಚ್ಚಳ ತೆಗೆದಂತೆ.

ಇನ್ನೊಂದು ಮೋಸ ಹೀಗಿದೆ. ಮೂರು ಫೇಸುಗಳಲ್ಲಿ ಒಂದು ಹೋದರೆ ಮೋಟಾರು ಗುಂಯ್ ಎನ್ನುತ್ತ ನಿಲ್ಲುತ್ತದೆ, ಇಲ್ಲವೆ ಏಳುವುದೇ ಇಲ್ಲ. ಆಗ ರೈತನು ಕರೆಂಟು ಹೋಗಿದೆ ಎಂದು ತಿಳಿಯುತ್ತಾನೆ. ಉಳಿದೆರಡು ತಂತಿಗಳಲ್ಲಿ ಪೂರ್ಣ ಕರೆಂಟು ಇರುತ್ತದೆ. ಮೋಟಾರು ತಿರುಗುತ್ತಿಲ್ಲವೆಂದರೆ ಕರೆಂಟು ಇಲ್ಲವೆಂದು ಅರ್ಥವಲ್ಲ. ಇದನ್ನು ಗೋಡೆಯ ಮೇಲೆ ಬರೆದಿಡಬೇಕು.

ಹೀಗಿರಲು ಕ್ರಮವು ಯಾವುದು? ಆಟೋ ಸ್ವಿಚ್ಚನ್ನು ಕೈಕೆಲಸದ ಕಡೆಗೆ ತಿರುಗಿಸಿರಿ. ಮೊಬೈಲ್ ಸ್ಟಾರ್ಟರನ್ನು ಬಂದ್ ಮಾಡಿರಿ. ಇವುಗಳ ಮೇಲೆಯೇ ಭರವಸೆ ಇಡದೆ, ಒಣ ನೆಲದ ಮೇಲೆ, ಕಾಲಿಗೆ ಒಣ ರಬ್ಬರ್ ಚಪ್ಪಲಿ ಮೆಟ್ಟಿ ನಿಂತು ಮೇನ್ ಸ್ವಿಚ್ಚು ಬಂದ್ ಮಾಡಿರಿ. ಆಮೇಲೆ ಮೂರೂ ಫ್ಯೂಜಿನ ಹಿಡಿಗಳನ್ನು ಕಿತ್ತು ಚೀಲದಲ್ಲಿ ಹಾಕಿ ನಿಮ್ಮ ಸೊಂಟಕ್ಕೆ ಕಟ್ಟಿಕೊಳ್ಳಿರಿ. ಒಂದೇ ಫ್ಯೂಜು ತೆಗೆದರೆ ಸಾಲದು; ಇನ್ನೆರಡರಲ್ಲಿ ದಾರಿ ಉಳಿದೇ ಇರುತ್ತದೆ. ಸ್ವಿಚ್ಚಿನ ಹಿಡಿಕೆಯಲ್ಲಿ ಬೀಗಕ್ಕೆ ತೂತಿದ್ದರೆ ಬೀಗ ಹಾಕಿರಿ. ಇಲ್ಲವಾದರೆ ಪೆಟ್ಟಿಗೆಗೇ ಹಾಕಿರಿ. ಫ್ಯೂಜಿನ ಹಿಡಿಯೇ ನಿಮ್ಮ ಸೊಂಟದಲ್ಲಿರುವಾಗ ಯಾರು ಬಂದು ಏನು ಒತ್ತಿದರೂ ಆ ಸಾಲಿನಿಂದ ಮೋಟಾರು ತಿರುಗಲಾರದು.

ಮೇನ್ ಸ್ವಿಚ್ಚು ಬಂದಾಗಿದ್ದರೂ ಅದರೊಳಗೆ ಕಂಬದಿಂದ ಬರುವ ತಂತಿಯ ತುದಿಯು ಜೀವಂತವಾಗಿಯೇ ಇರುತ್ತದೆ. ಫ್ಯೂಜಿನ ಒಂದು ಕಡೆಯ ಹಲ್ಲಿನಲ್ಲಿಯೂ ಕರೆಂಟು ಉಳಿದಿರಬಹುದು. ಅಲ್ಲಿ ಬೆರಳಾಗಲಿ ತಿರುಪುಳಿಯಾಗಲಿ ಹೋಗಕೂಡದು. ಮೇನ್ ಸ್ವಿಚ್ಚೇ ಸುಟ್ಟಿದ್ದರೆ ಅದು ನಮ್ಮ ಕೆಲಸವಲ್ಲ. ವೈರ್‌ಮನ್ನನಿಂದ ಹಿಂದಿನ ಸಾಲನ್ನು ಬಂದ್ ಮಾಡಿಸಬೇಕು.

ಪರೀಕ್ಷೆಯ ವಿಷಯ. ಕಿಸೆಯ ಟೆಸ್ಟರನ್ನು ಮೊದಲು ಕರೆಂಟು ಇದ್ದೇ ಇರುವ ಸ್ಥಳದಲ್ಲಿ ಹಚ್ಚಿ ಅದು ಹೊತ್ತುತ್ತದೆಂದು ನೋಡಬೇಕು. ನಂತರ ಕೆಲಸದ ಸ್ಥಳದಲ್ಲಿ ಮೂರೂ ತಂತಿಗಳಿಗೆ ಹಚ್ಚಬೇಕು. ಕೊನೆಗೆ ಪುನಃ ಮೊದಲಿನ ಸ್ಥಳದಲ್ಲಿ ನೋಡಬೇಕು. ಕೆಟ್ಟ ಟೆಸ್ಟರ್ ಸಹ ಹೊತ್ತುವುದಿಲ್ಲವಷ್ಟೆ. ಬಿಸಿಲಿನಲ್ಲಿ ಅದರ ಸಣ್ಣ ಬೆಳಕು ಕಾಣುವುದೂ ಕಷ್ಟ. ಕೈಯಿಂದ ನೆರಳು ಮಾಡಿ ನೋಡಬೇಕು. ವೋಲ್ಟು ಅಳೆಯುವ ಮೀಟರು ಇದ್ದರೆ ಅದು ಹೆಚ್ಚು ನಂಬುಗೆಯದು.

ಇಲ್ಲಿ ಒಂದು ಸೂಕ್ಷ್ಮವುಂಟು. ಸಾಲಿನಲ್ಲಿಯೇ ಕರೆಂಟು ಹೋಗಿರುವಾಗ ಟೆಸ್ಟರ್ ಹಚ್ಚಿದರೆ ಅದು ಹೊತ್ತುವುದಿಲ್ಲ. ಅದು ಹೇಳಿದ್ದು ಈ ಗಳಿಗೆಯ ಮಾತು. ಮುಂದಿನ ಗಳಿಗೆಯ ಮಾತಲ್ಲ. ಅಂಥ ವೇಳೆಯಲ್ಲಿ ನಮ್ಮನ್ನು ಕಾಯುವುದು ಟೆಸ್ಟರ್ ಅಲ್ಲ, ಸೊಂಟದಲ್ಲಿರುವ ಫ್ಯೂಜಿನ ಹಿಡಿ.

ಕಂಡೆನ್ಸರಿನ ಮಾತು ಬೇರೆ. ಬೋರಿನ ಪೆಟ್ಟಿಗೆಗಳಲ್ಲಿಯೂ, ಎರಡು ಫೇಸಿನ ಮೇಲೆ ಮೋಟಾರು ನಡೆಸುವವರಲ್ಲಿಯೂ ಇದು ಇರುತ್ತದೆ. ಎಲ್ಲ ಫ್ಯೂಜು ತೆಗೆದ ಮೇಲೂ ಇದು ಹೊಡೆತ ಕೊಡಬಲ್ಲದು. ಐದು ನಿಮಿಷವಾದರೂ ಬಿಟ್ಟು, ಆಮೇಲೆಯೂ ಮೀಟರಿನಿಂದ ನೋಡದೆ ಮುಟ್ಟಬಾರದು. ತಿರುಪುಳಿಯಿಂದ ಎರಡೂ ತುದಿ ಕೂಡಿಸಿ ಚಟಪಟ ಎನ್ನಿಸುವ ರೂಢಿ ಕೆಲವರಲ್ಲಿದೆ; ಕಿಡಿ ಹಾರಿ ಕಣ್ಣಿಗೆ ಅಪಾಯ, ಅದನ್ನು ಬಿಡತಕ್ಕದ್ದು.

ಇನ್ನು ನೀರಿನ ಒತ್ತಡ. 2 ಇಂಚಿನ ಪೈಪು 100 ಅಡಿ ನಿಂತಿದ್ದರೆ ಅದರೊಳಗೆ 60 ಲೀಟರಿಗೂ ಹೆಚ್ಚು ನೀರು ಇರುತ್ತದೆ. ಎಂದರೆ ಪಂಪನ್ನು ಮೇಲೆತ್ತುವಾಗ ಪೈಪಿನ ಭಾರದ ಜೊತೆಗೆ 60 ಕಿಲೋಗೂ ಮಿಕ್ಕಿದ ನೀರಿನ ಭಾರವೂ ಸರಪಳಿಗೆ ಬೀಳಬಹುದು. 100 ಅಡಿ ಎತ್ತರದ ಹೊಲಕ್ಕೆ ಏರಿದ ಪೈಪಿನ ಬುಡದಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 3 ಕಿಲೋ ಒತ್ತಡ. ಅಂಥ ಜೋಡಣೆಯ ಬೋಲ್ಟು ಬಿಚ್ಚುವ ಮೊದಲು ಮೇಲಿನ ವಾಲ್ವು ಮುಚ್ಚಿ, ಕೆಳಗಿನ ನೀರನ್ನು ಬಿಟ್ಟು ಖಾಲಿ ಮಾಡಬೇಕು. ಹಿಂದಕ್ಕೆ ಹರಿಯುವ ನೀರು ಪಂಪನ್ನು ಹಿಮ್ಮುಖವಾಗಿ ತಿರುಗಿಸಬಲ್ಲದು ಎಂಬುದೂ ನೆನಪಿರಲಿ.

ಕಂಬ ನಮ್ಮದಲ್ಲ

ಡಿ.ಪಿ.ಯ ಫ್ಯೂಜು ಹೋದರೆ ತಾನೇ ಹಾಕುವ ಧೈರ್ಯವಂತನನ್ನು ಊರು ಹೊಗಳುತ್ತದೆ. ಈ ಹೊಗಳಿಕೆಯನ್ನು ನಿಲ್ಲಿಸಬೇಕು. ಡಿ.ಪಿ.ಯ ಮೇಲ್ಭಾಗಕ್ಕೆ ಬರುವುದು 11,000 ವೋಲ್ಟು. ಅದನ್ನು ಇಳಿಸಿ ಕೆಳಗೆ 415 ಮಾಡಿಕೊಡುವುದೇ ಅದರ ಕೆಲಸ. ಎರಡೂ ಒಂದೇ ಕಟ್ಟೆಯಲ್ಲಿ, ಕೈಯಳತೆಯಲ್ಲಿ ಇರುತ್ತವೆ. 11,000 ವೋಲ್ಟಿನ ತಂತಿಯನ್ನು ಮುಟ್ಟಲೇಬೇಕೆಂದಿಲ್ಲ. ಹತ್ತಿರ ಹೋದರೂ ಅದು ಹಾರಿ ಹಿಡಿಯಬಲ್ಲದು. ರಬ್ಬರ್ ಚಪ್ಪಲಿಯಾಗಲಿ ಒಣ ಕೋಲಾಗಲಿ ಅಲ್ಲಿ ಕಾಯುವುದಿಲ್ಲ. ವಿದ್ಯುತ್ ಕಂಪನಿಯ ಅಧಿಕಾರವುಳ್ಳ ನೌಕರನ ಹೊರತು ಯಾರೂ ಅದಕ್ಕೆ ಕೈ ಹಚ್ಚಕೂಡದು. ಒಂದು ದಿನ ಬೆಳೆ ಬಾಡಿದರೆ ಮತ್ತೊಂದು ದಿನ ನೀರುಣಿಸಬಹುದು.

ಕಣಿಕೆ ಯಂತ್ರ ಮತ್ತು ರಾಶಿ ಯಂತ್ರ

ಕಣಿಕೆ ಕತ್ತರಿಸುವ ಯಂತ್ರವನ್ನು ನಡೆಸುವವರು ಹೆಚ್ಚಾಗಿ ನಮ್ಮ ತಾಯಂದಿರು, ಅಕ್ಕತಂಗಿಯರು. ಬಾಯಿಯಲ್ಲಿ ಕಣಿಕೆ ಸಿಕ್ಕಿಕೊಂಡಾಗ ಯಂತ್ರ ಬಂದ್ ಮಾಡಿ ಕೂಡಲೇ ಎಳೆಯುವುದುಂಟು. ಭಾರದ ಗಾಲಿಗೆ ಕೂಡಿಸಿದ ಅಲಗು ಇನ್ನೂ ತಿರುಗುತ್ತಲೇ ಇರುತ್ತದೆ. ಗಾಲಿ ಪೂರ್ಣ ನಿಲ್ಲುವವರೆಗೆ ಕಣ್ಣಿಂದ ನೋಡಬೇಕು. ಪ್ಲಗ್ಗನ್ನು ಕಿತ್ತು ಕಣ್ಣೆದುರಿಗೆ ಇಟ್ಟುಕೊಳ್ಳಬೇಕು. ಗಾಲಿಯ ಕಡ್ಡಿಗಳ ನಡುವೆ ಗಟ್ಟಿಯಾದ ಕಟ್ಟಿಗೆ ತೂರಿಸಿ ಅದು ತಿರುಗದಂತೆ ಮಾಡಬೇಕು. ಆಮೇಲೆ ಕಣಿಕೆಯನ್ನು ಎಳೆಯಬೇಕು. ಅಲಗು ಮಸೆಯುವಾಗಲೂ ಬೋಲ್ಟು ಬಿಗಿಯುವಾಗಲೂ ಇದೇ ಕ್ರಮ. ಕೈಯಿಂದ ತಿರುಗಿಸುವ ಯಂತ್ರವಾದರೂ ಕೆಲಸ ಮುಗಿದ ಮೇಲೆ ಗಾಲಿಗೆ ಸರಪಳಿ ಹಾಕಿ ಬೀಗ ಜಡಿಯಬೇಕು. ಮಕ್ಕಳಿಗೆ ತಿರುಗುವ ಗಾಲಿಯೆಂದರೆ ಆಟ. ಒಬ್ಬ ತಿರುಗಿಸುತ್ತಾನೆ, ಇನ್ನೊಬ್ಬ ಬೆರಳು ಇಡುತ್ತಾನೆ.

ರಾಶಿ ಯಂತ್ರಗಳ ಅಪಾಯವನ್ನು ಮನಗಂಡು ಭಾರತ ಸರಕಾರವು 1983ರಲ್ಲಿ ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯಿದೆಯನ್ನು ಮಾಡಿತು. ಆದರೆ ಕಾಯಿದೆಯು ರಾತ್ರಿ ಹನ್ನೆರಡು ಗಂಟೆಗೆ ನಮ್ಮ ಕಣದಲ್ಲಿ ಬಂದು ನಿಲ್ಲುವುದಿಲ್ಲ. ರಾಶಿಯ ಗದ್ದಲದಲ್ಲಿ ಹತ್ತು ಮಂದಿ ಇರುತ್ತಾರೆ; ಒಬ್ಬನು ಸಿಕ್ಕಿದ ತೆನೆ ಬಿಡಿಸುತ್ತಿದ್ದರೆ, ಅತ್ತ ಕಡೆಯವನಿಗೆ ಅವನು ಕಾಣನು. "ಹಚ್ಚಲ್ಯಾ?" ಎಂದು ಕೂಗಿದಾಗ ಯಾರೋ "ಹೂಂ" ಎನ್ನುತ್ತಾರೆ. ಆದುದರಿಂದ ಯಂತ್ರ ಬಿಚ್ಚಿದವನೇ ಯಂತ್ರ ಹಚ್ಚತಕ್ಕವನು. ಬೇರೆಯವರ ಕೂಗು ನಡೆಯತಕ್ಕದ್ದಲ್ಲ.

ಟ್ರ್ಯಾಕ್ಟರು

ಟ್ರ್ಯಾಕ್ಟರಿನ ಹಿಂದಿನ ಪಿ.ಟಿ.ಓ. ಶಾಫ್ಟು ಸಾಮಾನ್ಯವಾಗಿ ನಿಮಿಷಕ್ಕೆ 540 ಸುತ್ತು ತಿರುಗುತ್ತದೆ. ಎಂದರೆ ಸೆಕೆಂಡಿಗೆ 9 ಸುತ್ತು. ಶಾಫ್ಟಿನ ಸುತ್ತಳತೆ ಒಂದು ಗೇಣೇ ಇದ್ದರೂ, "ಅಯ್ಯೋ" ಎನ್ನುವುದರೊಳಗೆ 9 ಗೇಣು ಬಟ್ಟೆ ಸುತ್ತಿಕೊಂಡಿರುತ್ತದೆ. ಧೋತರದ ಚುಂಗಾಗಲಿ, ಸೀರೆಯ ಸೆರಗಾಗಲಿ, ಹೆಗಲ ಟವೆಲಾಗಲಿ ಸಿಕ್ಕರೆ ಮನುಷ್ಯನು ಹಿಂದೆ ಸರಿಯಲು ವೇಳೆಯೇ ಇಲ್ಲ. ಔಷಧ ಹೊಡೆಯುವ ಯಂತ್ರವನ್ನಾಗಲಿ ರೋಟಾವೇಟರನ್ನಾಗಲಿ ನೋಡಬೇಕಾದರೆ ಪಿ.ಟಿ.ಓ. ಬಿಡಿಸಿ, ಇಂಜಿನು ನಿಲ್ಲಿಸಿ, ಕೀಲಿ ತೆಗೆದು ಕಿಸೆಯಲ್ಲಿಟ್ಟು, ಶಾಫ್ಟು ನಿಂತಿತೆಂದು ನೋಡಿ ಇಳಿಯಬೇಕು. ಔಷಧದ ನಳಿಕೆಯಲ್ಲಿ ಒತ್ತಡ ಉಳಿದಿರುತ್ತದೆ; ಗನ್ನನ್ನು ನೆಲದ ಕಡೆ ಹಿಡಿದು ಒತ್ತಿ ಅದನ್ನು ಬಿಟ್ಟ ಮೇಲೆಯೇ ಜೋಡಣೆ ಬಿಚ್ಚಬೇಕು.

ಎತ್ತಿದ ಟ್ರಾಲಿಯ ಕೆಳಗೆ ಎಣ್ಣೆಯನ್ನು ನಂಬಿ ಹೋಗಬಾರದು. ಒಂದು ನಳಿಕೆ ಒಡೆದರೆ, ಇಲ್ಲವೆ ಒಂದು ಮಗುವು ಹಿಡಿಕೆ ತಳ್ಳಿದರೆ ಟ್ರಾಲಿ ಕೆಳಗೆ ಬಂದಂತೆಯೇ. ಅದನ್ನು ಪೂರ್ಣ ಇಳಿಸಿ ಕೆಲಸ ಮಾಡಬೇಕು. ಎತ್ತಿಯೇ ಮಾಡಬೇಕಾದಲ್ಲಿ ಆ ಭಾರ ತಡೆಯುವ ಕಬ್ಬಿಣದ ಆಧಾರ ಕೊಡಬೇಕು. ಇಟ್ಟಿಗೆ, ಕಲ್ಲುಗಳ ಆಧಾರ ಬೇಡ. ನೇಗಿಲು, ಕುಂಟೆಗಳನ್ನು ಟ್ರ್ಯಾಕ್ಟರು ನಿಲ್ಲಿಸಿದ ಕೂಡಲೇ ನೆಲಕ್ಕೆ ಇಳಿಸುವುದೇ ಒಳ್ಳೆಯ ರೂಢಿ.

ಸೌರ ಪಂಪು

2019ರಲ್ಲಿ ಕೇಂದ್ರ ಸರಕಾರದ ಪಿ.ಎಂ. ಕುಸುಮ್ ಯೋಜನೆ ಆರಂಭವಾದಂದಿನಿಂದ ಹೊಲಗಳಲ್ಲಿ ಸೌರ ಪಂಪುಗಳು ಹೆಚ್ಚುತ್ತಿವೆ. ಕಂಬದ ಸಂಬಂಧವಿಲ್ಲವಾದ್ದರಿಂದ ಇವು ನಿರಪಾಯವೆಂದು ಕೆಲವರ ತಿಳಿವಳಿಕೆ. ಅದು ತಪ್ಪು. ಫಲಕಗಳಿಗೆ ಬಂದ್ ಮಾಡುವ ಗುಂಡಿಯೇ ಇಲ್ಲ. ಬಿಸಿಲು ಇರುವವರೆಗೆ ಅವು ಕರೆಂಟು ಹುಟ್ಟಿಸುತ್ತಲೇ ಇರುತ್ತವೆ. ಸಾಲಾಗಿ ಜೋಡಿಸಿದ ಫಲಕಗಳಲ್ಲಿ ನೂರಾರು ವೋಲ್ಟು ಇರಬಹುದು.

ಈ ಕರೆಂಟಿನ ಜಾತಿಯೂ ಬೇರೆ. ಕಂಬದ ಕರೆಂಟು ಸೆಕೆಂಡಿಗೆ 50 ಸಲ ಹಿಂದೆಮುಂದೆ ಹರಿಯುವುದರಿಂದ 100 ಸಲ ಸೊನ್ನೆಗೆ ಇಳಿಯುತ್ತದೆ. ಕಿಡಿ ಹತ್ತಿದರೂ ಆ ಸೊನ್ನೆಯಲ್ಲಿ ಆರುವ ಅವಕಾಶ ಇದೆ. ಫಲಕದ ಕರೆಂಟು ಒಂದೇ ದಿಕ್ಕಿಗೆ ಎಡೆಬಿಡದೆ ಹರಿಯುತ್ತದೆ. ಆದ್ದರಿಂದ ಪಂಪು ನಡೆಯುತ್ತಿರುವಾಗ ಜೋಡಣೆ ಎಳೆದರೆ ಕಿಡಿಯು ಆರದೆ ಉರಿಯುತ್ತ ನಿಲ್ಲುತ್ತದೆ. ಮೊದಲು ಕಂಟ್ರೋಲರಿನಿಂದ ಪಂಪು ನಿಲ್ಲಿಸಿ, ಆಮೇಲೆ ಫಲಕದ ಸಾಲಿನ ಸ್ವಿಚ್ಚು ಬಂದ್ ಮಾಡಿ ಬೀಗ ಹಾಕಿ, ಪೆಟ್ಟಿಗೆಯ ಮೇಲೆ ಬರೆದಷ್ಟು ಹೊತ್ತು ಕಾಯಬೇಕು. ಫಲಕ ಮತ್ತು ಸ್ವಿಚ್ಚಿನ ನಡುವಣ ತಂತಿಯ ಕೆಲಸವನ್ನು ಕಂಪನಿಯ ತಿಳಿದವನಿಗೇ ಬಿಡತಕ್ಕದ್ದು.

ಮರಳಿ ಹಚ್ಚುವಾಗ

ಕೆಲಸ ಮುಗಿದ ಉತ್ಸಾಹದಲ್ಲಿಯೂ ಅಪಘಾತಗಳು ಆಗುತ್ತವೆ. ತಿರುಪುಳಿ, ಪಾನಾಗಳನ್ನು ಎಣಿಸಿರಿ. ಬಿಚ್ಚಿದ ಮುಚ್ಚಳ, ಬೆಲ್ಟಿನ ಜಾಳಿಗೆಗಳನ್ನು ತಿರುಗಿ ಕೂಡಿಸಿರಿ. ಗಾಲಿಗೆ ತೂರಿಸಿದ ಕಟ್ಟಿಗೆಯನ್ನು ತೆಗೆಯಿರಿ. ಮನುಷ್ಯರನ್ನು ಎಣಿಸಿರಿ, ಬಾವಿಯೊಳಗೆ ಇಳಿದವರೆಲ್ಲ ಮೇಲೆ ಬಂದರೋ ಎಂದು ಹೆಸರು ಹಿಡಿದು ಕೂಗಿರಿ. ಆಮೇಲೆ ಬೀಗ ಹಾಕಿದವನೇ ಬೀಗ ತೆಗೆದು, ಎಲ್ಲರಿಗೂ ಹೇಳಿ, ಯಂತ್ರ ಹಚ್ಚಬೇಕು.

ಅಪಘಾತವಾದರೆ

ಕರೆಂಟು ಹಿಡಿದವನನ್ನು ಕೈಯಿಂದ ಎಳೆಯಬಾರದು, ಎಳೆದವನೂ ಸಿಕ್ಕಿಕೊಳ್ಳುತ್ತಾನೆ. ಮೊದಲು ಮೇನ್ ಬಂದ್ ಮಾಡಬೇಕು. ಅದು ದೂರವಿದ್ದರೆ, ಮನೆಯ ಸಾಲು ಇಲ್ಲವೆ ಮೋಟಾರಿನ ಸಾಲಾಗಿದ್ದಲ್ಲಿ ಮಾತ್ರ, ಒಣ ನೆಲದ ಮೇಲೆ ನಿಂತು ಒಣ ಕಟ್ಟಿಗೆಯಿಂದ ತಂತಿಯನ್ನು ಸರಿಸಬೇಕು. 108ಕ್ಕೆ ಫೋನು ಮಾಡಿಸಿರಿ. ಉಸಿರು ನಿಂತಿದ್ದರೆ ಅಂಗಾತ ಮಲಗಿಸಿ, ಎದೆಯ ನಡುವೆ ಎರಡೂ ಅಂಗೈ ಒಂದರ ಮೇಲೊಂದಿಟ್ಟು, ಸುಮಾರು ಎರಡು ಇಂಚು ತಗ್ಗುವಂತೆ, ನಿಮಿಷಕ್ಕೆ 100ರಿಂದ 120 ಸಲ ಒತ್ತುತ್ತಿರಬೇಕು. ಸಹಾಯ ಬರುವವರೆಗೆ ನಿಲ್ಲಿಸಬಾರದು.

ಬೆರಳು ಕತ್ತರಿಸಿ ಬಿದ್ದರೆ ಗಾಯವನ್ನು ಸ್ವಚ್ಛ ಬಟ್ಟೆಯಿಂದ ಒತ್ತಿ ಹಿಡಿಯಿರಿ. ಬಿದ್ದ ಬೆರಳನ್ನು ಸ್ವಚ್ಛ ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಬರ್ಫದ ಮೇಲಿಟ್ಟು ಒಯ್ಯಿರಿ. ಬೆರಳಿಗೆ ನೇರವಾಗಿ ಬರ್ಫ ತಾಗಕೂಡದು. ಅರಿಷಿಣ, ಸುಣ್ಣ, ಎಣ್ಣೆ ಏನನ್ನೂ ಹಚ್ಚಬೇಡಿರಿ.

ಮನೆಯಲ್ಲಿ ಕೂಡಿ ಆಲೋಚಿಸಬೇಕಾದ ಪ್ರಶ್ನೆಗಳು

1. ನಮ್ಮ ಮೋಟಾರನ್ನು ಎಷ್ಟು ಜನರು, ಎಷ್ಟು ಸ್ಥಳಗಳಿಂದ ಹಚ್ಚಬಲ್ಲರು? ಫೋನನ್ನೂ ಎಣಿಸಿರಿ.

2. ಸಾಲಿನಲ್ಲಿ ಕರೆಂಟು ಹೋದಾಗ ಟೆಸ್ಟರ್ ಹೊತ್ತದಿದ್ದರೆ ಅದರಿಂದ ಏನು ತಿಳಿಯುತ್ತದೆ? ಏನು ತಿಳಿಯುವುದಿಲ್ಲ?

3. ಒಂದೇ ಫ್ಯೂಜು ತೆಗೆದರೆ ಏಕೆ ಸಾಲದು?

4. ನಮ್ಮ ಕಣಿಕೆ ಯಂತ್ರದ ಗಾಲಿ, ಬಂದ್ ಮಾಡಿದ ಮೇಲೆ ಎಷ್ಟು ಹೊತ್ತು ತಿರುಗುತ್ತದೆ? ದೂರ ನಿಂತು ಗಡಿಯಾರದಿಂದ ಅಳೆಯಿರಿ.

5. ಬಾವಿಯ ಪಾಲುದಾರರೊಡನೆ ಬೀಗದ ವಿಷಯವನ್ನು ಮಾತಾಡಿದ್ದೇವೆಯೆ?

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆ ಫಲವೇನು? ಬರುವ ಸಂತೆಯ ದಿನ ಉಪ್ಪು ಮೆಣಸಿನಕಾಯಿಗಳ ಜೊತೆಗೆ ಒಂದು ಗಟ್ಟಿ ಬೀಗವನ್ನೂ ಒಂದು ಗೇಣು ಕೆಂಪು ಬಟ್ಟೆಯನ್ನೂ ತನ್ನಿರಿ. ಎರಡನ್ನೂ ಮೋಟಾರಿನ ಪೆಟ್ಟಿಗೆಯ ಬಳಿ ಮೊಳೆಗೆ ತೂಗುಹಾಕಿರಿ. ಮಕ್ಕಳು ಇದೇಕೆ ಎಂದು ಕೇಳುತ್ತಾರೆ. ಆಗ ಈ ಪಾಠವನ್ನು ಅವರಿಗೆ ಓದಿ ಹೇಳಿರಿ.